ಎಡಪಕ್ಕೆಯ ಗಂಟು

ಕುರಕುಂಟಾ
೯ ನವೆಂಬರ್ ೧೯೪೨

ಅಮೃತಮ್ಮನ ಅಪ್ಪನವರಿಗೆ ಸೂಗಮ್ಮನ ಶರಣಾರ್ಥಿ.

ಹಬ್ಬಕ್ಕೆ ನೀವು ಬರಲಿಲ್ಲ. ಸಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದಾರೆಂದು ಚಿತ್ತಾಪುರದಿಂದ ನೀವು ಬರೆದ ಚೀಟಿ ತಲುಪಿತು. ಅದಕ್ಕೆ ಸಿಟ್ಟಿಲ್ಲ. ಈ ಕಾಗದ ಬೇರೆ ಮಾತಿಗೆ.

ಹಬ್ಬದ ಬೆಳಿಗ್ಗೆ ಅಮೃತಮ್ಮನಿಗೆ ಎಣ್ಣೆ ಹಚ್ಚಿ ಎರೆಯುವಾಗ ಎಡಪಕ್ಕೆಯಲ್ಲಿ, ಎಲುಬಿನ ಕೆಳಗೆ, ನನ್ನ ಕೈಗೆ ಒಂದು ಗಂಟು ಸಿಕ್ಕಿತು. ಮಾವಿನಕಾಯಿಯಷ್ಟು ದಪ್ಪ, ಗಟ್ಟಿ. ಒತ್ತಿದರೂ ಅವಳು ಅಳಲಿಲ್ಲ. "ನೋಯ್ತದೇನವ್ವ?" ಅಂದೆ. "ಇಲ್ಲ, ಕಚಗುಳಿ ಆಗ್ತದ" ಎಂದು ನಕ್ಕಳು. ನೋವಿದ್ದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅವ್ವ ಜಂತು ಅನ್ನುತ್ತಾಳೆ. ಓಣಿಯವರು ಬರೆ ಹಾಕಿಸು ಅನ್ನುತ್ತಾರೆ. ಜಟ್ಟೆಪ್ಪಜ್ಜ ಸೋಮವಾರ ಕಬ್ಬಿಣ ಕಾಯಿಸಿಕೊಂಡು ಬರುವವನಿದ್ದಾನೆ. ಅವನು ಕೆಟ್ಟವನಲ್ಲ, ನನ್ನ ತಮ್ಮನಿಗೂ ಅವನೇ ಬರೆ ಹಾಕಿದ್ದ. ತಮ್ಮ ಉಳಿಯಲಿಲ್ಲ ಅನ್ನುವುದನ್ನು ಮಾತ್ರ ಯಾರೂ ನೆನೆಸುವುದಿಲ್ಲ. ನಾನು ಕೂಸನ್ನು ಮುಟ್ಟಗೊಡುವುದಿಲ್ಲ ಅಂದಿದ್ದೇನೆ. ನನಗೀಗ ಏಳು ತಿಂಗಳು, ಕಾಲು ಬಾತಿವೆ, ಬಹಳ ಹೊತ್ತು ನಿಂತು ಜಗಳ ಆಡಲು ಆಗುವುದಿಲ್ಲ. ನೀವು ಬರಬೇಕು.

ಸೂಗಮ್ಮ

*

ಚಿತ್ತಾಪುರ
೧೧ ನವೆಂಬರ್ ೧೯೪೨

ಸೂಗಮ್ಮಾ, ನೀನೂ ಕೂಸೂ ಸುಖವಾಗಿರಿ.

ಕಾಗದ ಓದಿದೆ. ಗಾಬರಿಯಾಗಬೇಡ. ಇದು ತೊಳ್ಳೆ, ಅಂದರೆ ಗುಲ್ಮ, ಬೆಳೆದಿರುವುದು. ಮಳೆಗಾಲದ ಚಳಿಜ್ವರ ಬಿಟ್ಟ ಮೇಲೆ ಮಕ್ಕಳಿಗೆ ಹೀಗಾಗುತ್ತದೆ. ನನ್ನ ತರಗತಿಯಲ್ಲೇ ಮೂವರಿಗೆ ಆಗಿದೆ. ಕ್ವಿನೈನ್ ತೆಗೆದುಕೊಂಡು ಇಪ್ಪತ್ತೈದಕ್ಕೆ ಬರುತ್ತೇನೆ. ಅಷ್ಟರಲ್ಲಿ ತಪಾಸಣೆಯೂ ಮುಗಿಯುತ್ತದೆ. ಬರೆ ಬೇಡ ಅಂದದ್ದು ಸರಿ. ಹಾಲು ಕುಡಿಸು. ಬಸುರಿ ಹೆಂಗಸು ಇಲ್ಲದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಾಗೇಂದ್ರಪ್ಪ

*

ವಾಡಿ
೧೪ ನವೆಂಬರ್ ೧೯೪೨

ಅಮೃತಮ್ಮನ ಅಪ್ಪನವರಿಗೆ.

ನಿನ್ನೆ ಮಧ್ಯಾಹ್ನ ನಿಮ್ಮ ಚಿತ್ತಾಪುರ ಸ್ಟೇಶನ್ನಿನಲ್ಲಿ ಗಾಡಿ ನಿಂತಾಗ ನಾನೂ ನಿಮ್ಮ ಮಗಳೂ ಅದರಲ್ಲೇ ಇದ್ದೆವು. ಇಳಿಯಲಿಲ್ಲ. ಇಳಿದಿದ್ದರೆ ನೀವು ಇಪ್ಪತ್ತೈದರ ತನಕ ತಡೆ ಅನ್ನುತ್ತಿದ್ದಿರಿ.

ಬುಧವಾರ ಕೂಸಿನ ಉಚ್ಚೆ ಕೆಂಪಗೆ ಬಂತು. ಪಕ್ಕದ ಮನೆಯ ತಾಜುನ್ನಿಸಾಳಿಗೆ ತೋರಿಸಿದೆ. ಅವಳ ಅಣ್ಣ ಮಶಾಕ ಇಲ್ಲಿ ವಾಡಿ ಜಂಕ್ಷನ್ನಿನಲ್ಲಿ ಖಲಾಸಿ. "ರೇಲ್ವೆ ಡಾಕ್ಟರ್ ಭಾಳ ಶಾಣ್ಯಾ ಇದ್ದಾರ, ನಡಿ ಸೂಗಕ್ಕ, ನಾನೂ ಬರ್ತೀನಿ" ಎಂದು ಆಕೆಯೇ ಬುರಖಾ ಹಾಕಿಕೊಂಡು ಹೊರಟಳು. ಅವ್ವ ಬಾಗಿಲಲ್ಲಿ ಅಡ್ಡ ನಿಂತಳು, ಆಮೇಲೆ ತಾನೇ ರೊಟ್ಟಿ ಕಟ್ಟಿಕೊಟ್ಟಳು.

ಡಾಕ್ಟರು ಒಂದೇ ಸಲ, ಹೂವು ಮುಟ್ಟಿದಂತೆ, ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ ಯಾರಿಗೂ ಮುಟ್ಟಗೊಡಲಿಲ್ಲ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಮಶಾಕ ನನಗೆ ಬಿಡಿಸಿ ಹೇಳಿದ. "ಅಕ್ಕಾ, ಇದು ತೊಳ್ಳಿ ಅಲ್ಲಂತ. ಉಚ್ಚಿ ತಯಾರ ಮಾಡೋ ಎಡಗಡಿ ಗುರ್ದಾದಾಗ ಗಡ್ಡಿ ಬೆಳದದ. ಅದನ್ನ ಒತ್ತಬಾರದು, ತಿಕ್ಕಬಾರದು. ಒಡದ್ರ ಹೊಟ್ಟಿ ತುಂಬ ಹರಡ್ತದಂತ. ಇಲ್ಲಿ ಏನೂ ಆಗಂಗಿಲ್ಲ. ಮುಂಬೈಗೆ ಒಯ್ಯಿರಿ ಅಂತಾರ."

ಮುಂಬೈಯಲ್ಲಿ ಇಂಥ ಗಡ್ಡೆಗೇ ಒಂದು ದವಾಖಾನೆ ಇದೆಯಂತೆ. ಡಾಕ್ಟರು ಅಲ್ಲಿಗೆ ಚೀಟಿ ಬರೆದುಕೊಟ್ಟಿದ್ದಾರೆ. ನಾನೇ ಹೋಗುತ್ತಿದ್ದೆ. ನನ್ನ ಕಾಲು ನೋಡಿ, ನೀನು ಅಷ್ಟು ದೂರ ಗಾಡಿಯಲ್ಲಿ ಹೋದರೆ ಎರಡು ಜೀವಕ್ಕೆ ಅಪಾಯ ಎಂದು ಬೈದರು.

ನಾನು ಮಶಾಕನ ಮನೆಯಲ್ಲಿದ್ದೇನೆ. ಚೀಟಿ ನನ್ನ ಸೆರಗಿನ ಗಂಟಿನಲ್ಲಿದೆ. ನೀವು ತಪಾಸಣೆ ಬಿಟ್ಟು ಬನ್ನಿ. ನೌಕರಿ ಹೋದರೆ ಹೋಗಲಿ.

ಸೂಗಮ್ಮ

*

ಮುಂಬೈ
೧ ಡಿಸೆಂಬರ್ ೧೯೪೨

ಸೂಗಮ್ಮಾ,

ವಾಡಿ ಸ್ಟೇಶನ್ನಿನಲ್ಲಿ ನಿನ್ನನ್ನು ಬಿಟ್ಟು ಬಂದ ಮೇಲೆ ಇವತ್ತು ಕುಳಿತು ಬರೆಯುವಷ್ಟು ಪುರಸೊತ್ತು ಸಿಕ್ಕಿತು. ದವಾಖಾನೆ ಬಲು ದೊಡ್ಡದು, ಸ್ವಚ್ಛವಾಗಿದೆ. ಮಕ್ಕಳ ವಾರ್ಡಿನಲ್ಲಿ ಭೀಮಬಾಯಿ ಎಂಬ ಆಯಾ ಇದ್ದಾಳೆ. ಸೊಲ್ಲಾಪುರದವಳು, ಕನ್ನಡ ಮಾತಾಡುತ್ತಾಳೆ. ಅವಳನ್ನು ಕಂಡ ಕೂಡಲೇ ನಿನ್ನ ಮಗಳು, "ನೀ ನಮ್ಮ ಊರಾಕಿ ಏನು? ನಮ್ಮ ಎಮ್ಮಿ ಗೊತ್ತೇನು?" ಎಂದು ಕೇಳಿದಳು. ಅವಳು ಗೊತ್ತು ಅಂದದ್ದೇ ತಪ್ಪಾಯಿತು. ಈಗ ದಿನಾ ಎಮ್ಮೆಯ ಸಮಾಚಾರ ಹೇಳಬೇಕು.

ಕೂಸಿನ ತೋಳಿನ ನರಕ್ಕೆ ಬಣ್ಣದಂಥ ಔಷಧ ಚುಚ್ಚಿ ಎಕ್ಸ್‌ರೇ ಪಟ ತೆಗೆದರು. ಒಳಗಿನದೆಲ್ಲ ಅದರಲ್ಲಿ ಕಾಣುತ್ತದೆ. ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಒಂದು ಗಡ್ಡೆ ಇದೆ. ತೆಗೆಯುತ್ತಾರೆ. ಹದಿನೈದು ಇಪ್ಪತ್ತು ದಿನಗಳಲ್ಲಿ ಗಾಯ ಮಾಯ್ದು ಊರಿಗೆ ಬರುತ್ತೇವೆ.

ನೀನು ಯೋಚನೆ ಮಾಡದೆ ಊಟ ಮಾಡು, ಮಲಗು. ಅದೇ ನಿನ್ನ ಕೆಲಸ.

ನಾಗೇಂದ್ರಪ್ಪ

*

ಕುರಕುಂಟಾ
೮ ಡಿಸೆಂಬರ್ ೧೯೪೨

ಅಮೃತಮ್ಮನ ಅಪ್ಪನವರಿಗೆ ಶರಣಾರ್ಥಿ.

ಎಮ್ಮೆಯ ಮಾತು ಓದಿ ಅವ್ವ ನಕ್ಕಳು, ಆಮೇಲೆ ಅತ್ತಳು. ಎಮ್ಮೆ ಚೆನ್ನಾಗಿದೆ ಎಂದು ಹೇಳಿ.

ಉಳಿದ ಮಾತು. ನೀವು ಗಡ್ಡೆ ತೆಗೆಯುತ್ತಾರೆ ಎಂದು ಬರೆದಿದ್ದೀರಿ, ಬಟ್ಟೆಗೆ ಹತ್ತಿದ ಮುಳ್ಳು ತೆಗೆಯುತ್ತಾರೆ ಅನ್ನುವ ಹಾಗೆ. ಗುರ್ದಾದೊಳಗಿನ ಗಡ್ಡೆ ತೆಗೆದರೆ ಗುರ್ದಾ ಉಳಿಯುತ್ತದೆಯೇ? ಮನುಷ್ಯರಿಗೆ ಗುರ್ದಾ ಎರಡು ಎಂದು ವಾಡಿ ಡಾಕ್ಟರು ನನಗೆ ಹೇಳಿದ್ದಾರೆ. ಬಲಗಡೆಯದು ಚೆನ್ನಾಗಿದೆಯೇ ಎಂದು ನೀವು ಕೇಳಿದಿರಾ? ಮತ್ತೆ ಬೆಳೆಯುವಂಥದೋ? ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ನೀವು ಮಕ್ಕಳಿಗೆ ಪಾಠ ಬಿಡಿಸಿ ಹೇಳುವವರು. ನನಗೂ ಬಿಡಿಸಿ ಹೇಳಿ.

ಕೊಯ್ಯುವ ದಿನ ಯಾವುದು ತಿಳಿಸಿ. ಆ ಹೊತ್ತಿಗೆ ನಾನು ಲಿಂಗ ಕೈಯಲ್ಲಿ ಹಿಡಿದು ಕೂರುತ್ತೇನೆ.

ಸೂಗಮ್ಮ

*

ಮುಂಬೈ
೨೦ ಡಿಸೆಂಬರ್ ೧೯೪೨

ಸೂಗಮ್ಮಾ,

ದಿನ ಮೊದಲೇ ತಿಳಿಸಲಾಗಲಿಲ್ಲ. ಹದಿನೇಳರಂದು ಶಸ್ತ್ರಕ್ರಿಯೆ ಆಯಿತು. ಮೂರು ತಾಸು ಹಿಡಿಯಿತು. ಗಡ್ಡೆ ಒಡೆಯದೆ ಇಡಿಯಾಗಿ ಬಂತು. ಒಳ್ಳೆಯ ಕೆಲಸವಾಯಿತು ಎಂದು ಡಾಕ್ಟರು ಹೇಳಿದರು. ಕೂಸು ಆರಾಮ ಇದ್ದಾಳೆ. ಸ್ವಲ್ಪ ಜ್ವರ ಇದೆ, ಇಳಿಯುತ್ತದೆ. ನೀನು ಗಾಬರಿಯಾಗಿ ಹೊರಟು ಬರುವ ಯೋಚನೆ ಮಾಡಬೇಡ.

ನಾಗೇಂದ್ರಪ್ಪ

*

ಕುರಕುಂಟಾ
೨೭ ಡಿಸೆಂಬರ್ ೧೯೪೨
(ಉರ್ದುವಿನಲ್ಲಿ, ತಾಜುನ್ನಿಸಾಳ ಕೈಬರಹ)

ಮಾಸ್ತರರಿಗೆ ಸಲಾಮ್. ನಾನು ತಾಜುನ್ನಿಸಾ. ಸೂಗಕ್ಕನ ಬೆರಳಿಗೆ ಈಳಿಗೆ ತಾಗಿದೆ, ಲೇಖನಿ ಹಿಡಿಯಲು ಬರುವುದಿಲ್ಲ. ಅವಳು ಹೇಳಿದ್ದನ್ನು ಬರೆಯುತ್ತೇನೆ.

ಗಡ್ಡೆ ಇಡಿಯಾಗಿ ಬಂದದ್ದು ಕೇಳಿ ಸಂತೋಷವಾಯಿತು. ಇಲ್ಲಿ ಎಲ್ಲ ಸರಿ ಇದೆ. ನೀವು ನಮ್ಮ ಕಡೆ ಲಕ್ಷ್ಯ ಕೊಡದೆ ಕೂಸಿನ ಹತ್ತಿರವೇ ಇರಬೇಕು. ಜ್ವರ ಇಳಿಯಿತೇ? ಉಚ್ಚೆಯ ಬಣ್ಣ ಹೇಗಿದೆ? ಗಾಯ ಎಷ್ಟು ಉದ್ದ? ಕೂಸು ಏನೇನು ಮಾತಾಡುತ್ತಾಳೆ? ಅವಳು ಆಡಿದ ಮಾತು ಬರೆಯಿರಿ.

ಇಷ್ಟು ಅಕ್ಕ ಹೇಳಿದ್ದು. ಅಲ್ಲಾಹ್ ಮಗುವಿಗೆ ಆಯುಷ್ಯ ಕೊಡಲಿ, ಇದು ನನ್ನದು.

*

ಮುಂಬೈ
೫ ಜನವರಿ ೧೯೪೩

ಸೂಗಮ್ಮಾ,

ಬೆರಳು ಜೋಪಾನ. ಅರಿಶಿನ ಹಚ್ಚು. ದಿನ ಹತ್ತಿರ ಬಂದಿವೆ, ಅಡುಗೆ ಮನೆಯ ಕೆಲಸ ಇನ್ನು ಸಾಕು.

ಇಲ್ಲಿ ಕೂಸು ಆರಾಮ ಇದ್ದಾಳೆ. ಜ್ವರ ಇಳಿದಿದೆ. ಹಾಲು, ಗಂಜಿ ತೆಗೆದುಕೊಳ್ಳುತ್ತಿದ್ದಾಳೆ. ಉಚ್ಚೆ ತಿಳಿಯಾಗಿದೆ. ನಿನ್ನನ್ನು ನೆನೆಸುತ್ತಾಳೆ. ಇನ್ನೂ ಕೆಲವು ದಿನ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ. ಎಷ್ಟು ದಿನ ಎಂದು ಈಗಲೇ ಹೇಳಲಾಗುವುದಿಲ್ಲ. ಹೆರಿಗೆಯಾದ ಕೂಡಲೇ ತಾರು ಕೊಡಿಸು.

ನಾಗೇಂದ್ರಪ್ಪ

*

ಕುರಕುಂಟಾ
೧೧ ಜನವರಿ ೧೯೪೩

ಅಮೃತಮ್ಮನ ಅಪ್ಪನವರಿಗೆ.

ನನ್ನ ಬೆರಳಿಗೆ ಏನೂ ಆಗಿಲ್ಲ. ಡಿಸೆಂಬರ್ ಇಪ್ಪತ್ತೆರಡರಂದು ನನಗೆ ಗಂಡುಕೂಸು ಹುಟ್ಟಿತು. ದಿನ ತುಂಬುವ ಮುಂಚೆ ಬಂದ, ಬೆಕ್ಕಿನ ಮರಿಯಷ್ಟಿದ್ದ. ಮೊದಲ ಹತ್ತು ದಿನ ಹತ್ತಿಯಲ್ಲಿ ಸುತ್ತಿಟ್ಟು ನೋಡಿದೆವು. ನಾನು ಎದ್ದು ಕೂರುವ ಹಾಗಿರಲಿಲ್ಲ. ಅದಕ್ಕೇ ತಾಜುನ್ನಿಸಾಳಿಂದ ಬರೆಸಿದೆ. ಹೇಳಿದ್ದರೆ ನೀವು ಅಮೃತಮ್ಮನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುತ್ತಿದ್ದಿರಿ, ಅಥವಾ ಅವಳನ್ನು ಆಯಾನ ಕೈಗೆ ಬಿಟ್ಟು ಬರುತ್ತಿದ್ದಿರಿ. ಈಗ ಅವನು ಗಟ್ಟಿಯಾಗಿ ಹಾಲು ಚೀಪುತ್ತಾನೆ. ನಾನು ಸುಳ್ಳು ಬರೆಸಿದೆ. ತಪ್ಪಾಯಿತು.

ಈಗ ನಿಮ್ಮದು ಹೇಳಿ. ಡಿಸೆಂಬರ್ ಒಂದರ ಕಾಗದದಲ್ಲಿ ನನ್ನ ಮಗಳು ಮಾತಾಡುತ್ತಿದ್ದಳು. ಆಮೇಲಿನ ಎರಡರಲ್ಲಿ ಜ್ವರ ಇದೆ, ಗಂಜಿ ಇದೆ, ಉಚ್ಚೆ ಇದೆ. ಅವಳ ಬಾಯಿಂದ ಬಂದ ಒಂದು ಮಾತಿಲ್ಲ. ಕೇಳಿದರೂ ಬರೆಯಲಿಲ್ಲ. "ನಿನ್ನನ್ನು ನೆನೆಸುತ್ತಾಳೆ" ಎಂದಿದ್ದೀರಿ. ಮೂರೂವರೆ ವರ್ಷದ ಕೂಸು ಸುಮ್ಮನೆ ಕುಳಿತು ನೆನೆಸುವುದಿಲ್ಲ, ಯವ್ವಾ ಎಂದು ಕೂಗುತ್ತದೆ.

ಅವಳು ಇಲ್ಲವೇನು? ನನ್ನ ಹೆರಿಗೆ ಆಗಲಿ ಎಂದು ಕಾಯುತ್ತಿದ್ದೀರೇನು?

ಇದಕ್ಕೆ ಉತ್ತರ ಬರೆಯಬೇಡಿ. ಬಂದರೂ ನಾನು ಇಲ್ಲಿರುವುದಿಲ್ಲ. ಇಪ್ಪತ್ತನೇ ತಾರೀಖು ವಾಡಿಯಲ್ಲಿ ಮುಂಬೈ ಮೇಲ್ ಗಾಡಿ ಹತ್ತುತ್ತೇನೆ. ಮಶಾಕ ತನ್ನ ಪಾಸಿನ ಮೇಲೆ ಜೊತೆಗೆ ಬರುತ್ತಾನೆ. "ತಿಂಗಳ ಬಾಣಂತಿ ಹೊಸಲು ದಾಟ್ತಾಳ? ಸತ್ತೀ ನೀ" ಎಂದು ಅವ್ವ ನಿನ್ನೆಯಿಂದ ಬೈಯುತ್ತಿದ್ದಾಳೆ. ಬೈಯುತ್ತಲೇ ತನ್ನ ಸೀರೆಯನ್ನೂ ಗಂಟಿಗೆ ಸೇರಿಸಿದಳು. ಅವಳೂ ಬರುತ್ತಾಳೆ.

ಇದ್ದರೆ ಎತ್ತಿಕೊಳ್ಳುತ್ತೇನೆ. ಇಲ್ಲದಿದ್ದರೆ ಎಲ್ಲಿ ಮಲಗಿಸಿದಿರಿ ಎಂದು ತೋರಿಸಿ.

ಸೂಗಮ್ಮ

*

ಚಿತ್ತಾಪುರ
೨೪ ಫೆಬ್ರವರಿ ೧೯೪೩

ಸೂಗಮ್ಮಾ,

ನಿಮ್ಮನ್ನೆಲ್ಲ ಅಲ್ಲಿ ಬಿಟ್ಟು ಬಂದು ಮೂರು ದಿನವಾಯಿತು. ಸಾಲೆಯಲ್ಲಿ ಮತ್ತೆ ಸೇರಿಸಿಕೊಂಡರು. ಹೆಡ್‌ಮಾಸ್ತರರು ಎರಡು ಮಾತು ಅಂದರು, ತಲೆ ತಗ್ಗಿಸಿ ಕೇಳಿಕೊಂಡೆ. ನಾನು ನೌಕರಿಯಲ್ಲಿದ್ದರೆ ತಾನೇ ನೀವು ಅಲ್ಲಿರಲು ಸಾಧ್ಯ ಎಂದು ನೀನೇ ಅಂದೆಯಲ್ಲ.

ಎದುರಿಗೆ ಇದ್ದ ಒಂದು ತಿಂಗಳು ನನಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಶಸ್ತ್ರಕ್ರಿಯೆಯ ಬೆಳಿಗ್ಗೆ ಅವಳು ನನ್ನ ಕುತ್ತಿಗೆ ಹಿಡಿದು ಬಿಡಲೊಲ್ಲಳು. "ಅಪ್ಪಾ, ಎಲ್ಲಿಗೆ ಒಯ್ಲಿಕತ್ತಾರ?" ಅಂದಳು. ನಾನು, "ಅವ್ವನ ಹಂತ್ಯಾಕ ಹೋಗೋಣು ಬಾ" ಅಂದೆ. ನಗುತ್ತ ಒಳಗೆ ಹೋದಳು, ಸೂಗಮ್ಮಾ. ಎಚ್ಚರವಾದಾಗ ಹೊಟ್ಟೆಗೆ ಇಷ್ಟುದ್ದ ಗಾಯ, ಬಾಯಲ್ಲಿ ಔಷಧದ ವಾಸನೆ, ಅವ್ವ ಇಲ್ಲ. ನನ್ನ ಮುಖ ನೋಡಿದಳು, ಗೋಡೆಯ ಕಡೆ ಹೊರಳಿದಳು. ಆಮೇಲೆ ಮೂವತ್ತೈದು ದಿನ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಭೀಮಬಾಯಿ ಹತ್ತಿರವೂ ಇಲ್ಲ. ಡಾಕ್ಟರು ನಾಲಿಗೆ, ಗಂಟಲು ಎಲ್ಲ ನೋಡಿದರು. ರೋಗವೇನಿಲ್ಲ ಅಂದರು. ಅದನ್ನು ನಿನಗೆ ಹೇಗೆ ಬರೆಯಲಿ?

ನೀನು ವಾರ್ಡಿನ ಬಾಗಿಲಲ್ಲಿ ನಿಂತಾಗ ಅವಳು "ತಡಾ ಮಾಡಿದಿ" ಅಂದದ್ದು ನಿನಗೆ ನೆನಪಿದೆ. ಆ ಎರಡು ಮಾತು ಕೇಳಿ ನಾನು ಹೊರಗೆ ಹೋದೆ. ಚಹಾ ತರಲು ಹೋಗಿದ್ದೆ ಎಂದು ನಿನಗೆ ಹೇಳಿದ್ದೆ. ಅಲ್ಲ, ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಇನ್ನೊಂದು ಉಳಿದಿದೆ. ಡಿಸೆಂಬರಿನಲ್ಲಿಯೇ ಡಾಕ್ಟರು ನನಗೆ ರೋಗದ ಹೆಸರು ಹೇಳಿದ್ದರು. ಇದು ಕ್ಯಾನ್ಸರ್. ಮಕ್ಕಳ ಗುರ್ದಾದಲ್ಲಿಯೇ ಬೆಳೆಯುವ ಜಾತಿಯದು. ಗುರ್ದಾ ತೆಗೆದ ಮೇಲೂ ಕಣ್ಣಿಗೆ ಕಾಣದ ಕಾಳು ಉಳಿದಿರಬಹುದು. ಅದನ್ನು ಸುಡಲಿಕ್ಕೇ ಈಗ ಅಲ್ಲಿ ಅವಳಿಗೆ ಕೊಡುತ್ತಿರುವ ಎಕ್ಸ್‌ರೇ ಕಿರಣ. ಇಷ್ಟೆಲ್ಲ ಮಾಡಿದರೂ ಹತ್ತು ಮಕ್ಕಳಲ್ಲಿ ಮೂವರು ಉಳಿಯುತ್ತಾರೆ ಅಂದರು. ಮೂವರು. ಅದನ್ನು ಇಷ್ಟು ದಿನ ಒಬ್ಬನೇ ಇಟ್ಟುಕೊಂಡಿದ್ದೆ. ಇನ್ನು ಆಗುವುದಿಲ್ಲ.

ನಾಗೇಂದ್ರಪ್ಪ

*

ಮುಂಬೈ
೪ ಮಾರ್ಚ್ ೧೯೪೩

ಅಮೃತಮ್ಮನ ಅಪ್ಪನವರಿಗೆ ಶರಣಾರ್ಥಿ.

ಹತ್ತರಲ್ಲಿ ಮೂವರು ಅನ್ನುವುದು ನನಗೆ ಗೊತ್ತಿತ್ತು. ಬಂದ ಎರಡನೇ ದಿನವೇ ಭೀಮಬಾಯಿಯನ್ನು ಮುಂದೆ ಇಟ್ಟುಕೊಂಡು ಡಾಕ್ಟರನ್ನು ಕೇಳಿದೆ. ನೀವು ಮುಚ್ಚಿಟ್ಟಿದ್ದೀರಿ, ನೀವೇ ಹೇಳುವ ತನಕ ಕಾಯೋಣ ಎಂದು ಸುಮ್ಮನಿದ್ದೆ. ಇಬ್ಬರೂ ಒಂದೇ ಹೊರೆಯನ್ನು ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದಾಯಿತು. ಇನ್ನು ಮೇಲೆ ಹಾಗೆ ಬೇಡ. ಕೆಟ್ಟದ್ದಿದ್ದರೂ ಬರೆಯಿರಿ, ನಾನೂ ಬರೆಯುತ್ತೇನೆ.

ಕಿರಣ ಕೊಡುವುದು ಇಪ್ಪತ್ತನಾಲ್ಕು ಸಲ ಎಂದು ಗೊತ್ತು ಮಾಡಿದ್ದಾರೆ. ಹತ್ತು ಆಗಿವೆ. ಅವಳನ್ನು ಎತ್ತರದ ಮೇಜಿನ ಮೇಲೆ ಮಲಗಿಸಿ, ಸುತ್ತ ಸೀಸದ ಹಾಳೆ ಇಟ್ಟು, ಮೇಲೆ ಯಂತ್ರ ಇಳಿಸುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಹಾಕುತ್ತಾರೆ. ಅಲುಗಾಡಿದರೆ ಕಿರಣ ಬೇರೆ ಕಡೆ ಬೀಳುತ್ತದೆ. ಮೊದಲ ದಿನ ಡಾಕ್ಟರು, "ಆಟ ಆಡಿಸುತ್ತೇವೆ ಎಂದು ಹೇಳಿ ಒಳಗೆ ಕಳಿಸು" ಅಂದರು. ನಾನು ಒಲ್ಲೆ ಅಂದೆ. ಅವಳನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. "ಬಾಗಲಾ ಹಾಕ್ತಾರ. ನೀ ಒಬ್ಬಾಕಿನೇ ಒಳಗಿರ್ತಿ. ನಾ ಈ ಕಾಜಿನ ಕಿಂಡ್ಯಾಗ ನಿಂತಿರ್ತೀನಿ, ಎಲ್ಲಿಗೂ ಹೋಗಂಗಿಲ್ಲ. ನೋಯಂಗಿಲ್ಲ. ಆದ್ರ ಆಮ್ಯಾಲ ಹೊಟ್ಟಿ ತೊಳಸ್ತದ."

"ವಾಂತಿ ಬಂದ್ರ ಬೈಯಂಗಿಲ್ಲ ಅಲ್ಲ?" ಅಂದಳು. ಬೈಯುವುದಿಲ್ಲ ಅಂದೆ. ಅಳದೆ ಮಲಗಿದಳು. ದಿನಾ ಹಾಗೆಯೇ ಮಲಗುತ್ತಾಳೆ. ನಾನು ಕಿಂಡಿಯಿಂದ ಕಣ್ಣು ತೆಗೆಯುವುದಿಲ್ಲ.

ಆದರೆ ಒಣಗಿದ್ದಾಳೆ. ತಿಂದದ್ದು ನಿಲ್ಲುವುದಿಲ್ಲ. ಪಕ್ಕೆಯ ಚರ್ಮ ಸುಟ್ಟ ಬದನೆಯ ಹಾಗೆ ಕಪ್ಪಾಗಿದೆ. ಮುಚ್ಚಿಡುವುದಿಲ್ಲ ಅಂದೆನಲ್ಲ, ಇದೂ ಕೇಳಿ: ಪಕ್ಕದ ಹಾಸಿಗೆಯಲ್ಲಿದ್ದ ನಾಸಿಕದ ಹುಡುಗಿ ಸೋಮವಾರ ತೀರಿಕೊಂಡಳು. ಅವಳಿಗೂ ಇದೇ ರೋಗ, ಎದೆಗೂ ಹಬ್ಬಿತ್ತು. ಅವಳ ತಾಯಿ ಹೋಗುವಾಗ ತನ್ನ ಕೂಸಿನ ಕುಲಾವಿಯನ್ನು ನನ್ನ ಮಗನ ತಲೆಗೆ ಹಾಕಿ ಹೋದಳು.

ಅವ್ವನೂ ಮಗನೂ ಭೀಮಬಾಯಿಯ ಚಾಳಿನ ಖೋಲಿಯಲ್ಲಿದ್ದಾರೆ. ಹಾಲು ಕುಡಿಸಲು ದಿನಕ್ಕೆ ನಾಲ್ಕು ಸಲ ಓಡುತ್ತೇನೆ.

ಸೂಗಮ್ಮ

*

ಚಿತ್ತಾಪುರ
೧೦ ಮಾರ್ಚ್ ೧೯೪೩

ಸೂಗಮ್ಮಾ,

ನಿನ್ನ ಕಾಗದ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಆ ನಾಸಿಕದ ಕೂಸಿಗೂ ಇವರು ಇದೇ ಕಿರಣ ಕೊಟ್ಟಿರಬೇಕಲ್ಲ? ಕೊಟ್ಟು ಏನಾಯಿತು?

ನನ್ನ ಮನಸ್ಸಿನಲ್ಲಿರುವುದನ್ನು ಬರೆಯುತ್ತೇನೆ. ಹತ್ತರಲ್ಲಿ ಏಳು ಹೋಗುವುದೇ ಆದರೆ, ಇರುವಷ್ಟು ದಿನ ಅವಳು ಮನೆಯಲ್ಲಿರಲಿ. ಕಾಗಿಣಾ ಹೊಳೆ ನೋಡಲಿ, ಎಮ್ಮೆಯ ಹಿಂದೆ ತಿರುಗಲಿ. ವಾಂತಿ ಮಾಡುತ್ತ, ಚರ್ಮ ಸುಟ್ಟುಕೊಳ್ಳುತ್ತ ಯಾಕೆ ಹೋಗಬೇಕು? ನೀನೂ ಸಣ್ಣ ಕೂಸೂ ಸೊರಗುತ್ತೀರಿ. ನೀನು ಹೂಂ ಅಂದರೆ ಶನಿವಾರವೇ ಹೊರಟು ಬಂದು ಎಲ್ಲರನ್ನೂ ಕರೆದುಕೊಂಡು ಬರುತ್ತೇನೆ.

ನಾಗೇಂದ್ರಪ್ಪ

*

ಮುಂಬೈ
೧೪ ಮಾರ್ಚ್ ೧೯೪೩

ಅಮೃತಮ್ಮನ ಅಪ್ಪನವರಿಗೆ.

ಹೂಂ ಅನ್ನುವುದಿಲ್ಲ.

ನಿಮಗೆ ಹೀಗೆ ಅನ್ನಿಸಿದ್ದು ತಪ್ಪಲ್ಲ. ನನಗೂ ಅನ್ನಿಸಿದೆ, ನೆಲ ಒರೆಸುವಾಗ, ಅವಳ ತಲೆ ಹಿಡಿದುಕೊಂಡು ನಿಂತಾಗ. ಅದಕ್ಕೇ ನಿನ್ನೆ ಡಾಕ್ಟರನ್ನೇ ಕೇಳಿದೆ, ನಾಸಿಕದ ಕೂಸು ಸತ್ತದ್ದು ಯಾಕೆ ಎಂದು. ಆ ಕೂಸು ಬರುವಾಗಲೇ ರೋಗ ಎದೆಯೊಳಗೆ ಇಳಿದಿತ್ತಂತೆ. ಅಮೃತಮ್ಮನ ಎದೆ ಇನ್ನೂ ಸ್ವಚ್ಛವಾಗಿದೆ. ಅರ್ಧಕ್ಕೆ ಬಿಟ್ಟರೆ ಆಗಿರುವ ಅರ್ಧದ ಲಾಭವೂ ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದೆ ಅಂದರು.

ಏಳು ಜನ ಹೋಗುತ್ತಾರೆ ಎಂದು ನೀವು ಬರೆದಿರಿ. ಮೂವರು ಉಳಿಯುತ್ತಾರಲ್ಲ. ಅವರು ಯಾರು ಎಂದು ಯಾರ ಹಣೆಯ ಮೇಲೂ ಬರೆದಿಲ್ಲ. ಬಿಟ್ಟು ಬಂದವರು ಆ ಮೂವರಲ್ಲಿ ಇರುವುದಿಲ್ಲ, ಇಷ್ಟು ಮಾತ್ರ ಖಚಿತ.

ಇನ್ನು ಆರು ಸಲ ಉಳಿದಿದೆ. ರಕ್ತ ಕಡಿಮೆಯಾಗಿದೆ ಎಂದು ಮೂರು ದಿನ ನಿಲ್ಲಿಸಿದ್ದಾರೆ, ಬುಧವಾರ ಮತ್ತೆ ಶುರು. ಮನೆಗೆ ಹೋಗೋಣವೇನು ಎಂದು ಅವಳನ್ನೂ ಕೇಳಿದೆ. ಅವಳಿಗೆ ಇನ್ನೂ ಎಣಿಸಲು ಬರುವುದಿಲ್ಲ, ಕೈ ತೋರಿಸಿ ಹೇಳಿದೆ, ಇಷ್ಟು ಬೆರಳು ಉಳಿದಿವೆ ಎಂದು. "ಬೆರಳು ಮುಗೀಲಿ" ಅಂದಳು.

ನೀವು ಬರುವುದಾದರೆ ಬನ್ನಿ. ಕರೆದುಕೊಂಡು ಹೋಗಲಿಕ್ಕಲ್ಲ. ನಾನು ಹಾಲು ಕುಡಿಸಲು ಓಡಿದಾಗ ಅವಳ ಹತ್ತಿರ ಕೂರಲಿಕ್ಕೆ.

ಸೂಗಮ್ಮ

*

ಚಿತ್ತಾಪುರ
೧೮ ಮಾರ್ಚ್ ೧೯೪೩

ಸೂಗಮ್ಮಾ,

ಎರಡು ಸಲ ಓದಿದೆ. ನೀನು ಹೇಳಿದ್ದೇ ಸರಿ. ಶನಿವಾರದ ಗಾಡಿಗೆ ಬರುತ್ತಿದ್ದೇನೆ, ಕೂರಲಿಕ್ಕೆ. ಬಾಗಿಲು ಹಾಕುವ ಮುಂಚೆ ಅವಳಿಗೆ ಏನೇನು ಹೇಳಬೇಕೋ ನನಗೆ ಕಲಿಸು. ಒಂದು ದಿನ ನಾನು ಹೇಳಿ ನೋಡುತ್ತೇನೆ. ಅವಳು ನಂಬಿದರೆ ಸಾಕು.

ನಾಗೇಂದ್ರಪ್ಪ

*

ಮುಂಬೈ
೨ ಏಪ್ರಿಲ್ ೧೯೪೩

ಅಮೃತಮ್ಮನ ಅಪ್ಪನವರಿಗೆ ಶರಣಾರ್ಥಿ.

ನೀವು ಊರು ತಲುಪಿದ ಕೂಡಲೇ ಇದು ಕೈಸೇರಲಿ ಎಂದು ಇವತ್ತೇ ಬರೆಯುತ್ತೇನೆ. ರಕ್ತಕ್ಕಾಗಿ ಮುಂದೆ ಹಾಕಿದ್ದ ಕೊನೆಯ ಸಲವೂ ನೀವು ಹೊರಟ ಮೇಲೆ ಆಯಿತು, ಇಪ್ಪತ್ತನಾಲ್ಕೂ ಮುಗಿದವು. ಕೊನೆಯ ದಿನ ಅವಳು ಯಂತ್ರಕ್ಕೆ ಕೈ ಮುಗಿದು ಬಂದಳು. ದೇವರು ಅಂತಲ್ಲ, ಹೋಗಿ ಬರ್ತೀನಿ ಅಂತ. ಎದೆಯ ಪಟ ತೆಗೆದರು, ಏನೂ ಇಲ್ಲ.

ಡಾಕ್ಟರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ವಾಸಿಯಾಯಿತು ಎಂದು ಅವರು ಹೇಳಲಿಲ್ಲ. ಆರು ತಿಂಗಳಿಗೊಮ್ಮೆ ಬಂದು ಪಟ ತೆಗೆಸಬೇಕು. ರೋಗ ತಿರುಗಿ ಬರುವುದಿದ್ದರೆ ಬಹುಮಟ್ಟಿಗೆ ಎರಡು ವರ್ಷದೊಳಗೆ ಬರುತ್ತದೆ. ದಾಟಿದರೆ ಧೈರ್ಯ. ಕಿರಣ ಬಿದ್ದ ಕಡೆ ಎಲುಬು ನಿಧಾನವಾಗಿ ಬೆಳೆಯುತ್ತದೆ, ಮುಂದೆ ಬೆನ್ನು ಎಡಕ್ಕೆ ಸ್ವಲ್ಪ ವಾಲಬಹುದು. ವಾಲಲಿ.

ನಾಡದು ಹೊರಡುತ್ತೇವೆ. ಈ ಸಲ ಚಿತ್ತಾಪುರದಲ್ಲಿ ಇಳಿಯುತ್ತೇನೆ.

ಸೂಗಮ್ಮ

*

ಮುಂಬೈ
೧೯ ಏಪ್ರಿಲ್ ೧೯೪೫

ಅಮೃತಮ್ಮನ ಅಪ್ಪನವರಿಗೆ, ಮುಂಬೈಯಿಂದ ಸೂಗಮ್ಮ ಬರೆಯುವುದು.

ನಾಲ್ಕನೇ ಸಲದ ಪಟವೂ ಸ್ವಚ್ಛ. ಎರಡು ವರ್ಷ ದಾಟಿತು. ಡಾಕ್ಟರು ಅವಳನ್ನು ಓಡಿಸಿ ನೋಡಿದರು, ಅಂಗಿ ಎತ್ತಿ ಬೆನ್ನು ನೋಡಿದರು, ವಾಲಿದೆ ಅಂದರು. ಅವಳು, "ವಾಲಿದ್ರೇನಾತು, ನಾ ನಮ್ಮ ತಮ್ಮನ್ನ ಎತ್ತಿಕೊಂಡು ತಿರುಗ್ತೀನಿ" ಅಂದಳು. ಭೀಮಬಾಯಿ ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಆ ಗಂಭೀರ ಮನುಷ್ಯ ಕನ್ನಡಕ ತೆಗೆದು ನಕ್ಕರು. ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕಂತೆ.

ಈ ಸುದ್ದಿ ಕೈಯಲ್ಲಿ ಹಿಡಿದು ನಾಳೆಯೇ ಓಡಿ ಬರಬೇಕೆಂದಿದ್ದೆ. ಆದರೆ ನಾಲ್ಕು ದಿನ ತಡವಾಗುತ್ತದೆ. ಕಾರಣ ಹೇಳುತ್ತೇನೆ.

ವಾರ್ಡಿನಲ್ಲಿ ಗುರುದೇವಿ ಎಂಬ ಹೆಂಗಸು ಇದ್ದಾಳೆ, ಚಿಂಚೋಳಿ ಕಡೆಯವಳು. ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಎರಡು ವರ್ಷದ ಮಗನಿಗೆ ಬಲಗಡೆ ಗಡ್ಡೆ. ವಾಡಿಯ ಡಾಕ್ಟರೇ ಕಳಿಸಿದ್ದಾರೆ. ಜೊತೆಗೆ ಬಂದ ಮೈದುನ ದವಾಖಾನೆಯ ಬಾಗಿಲಲ್ಲಿ ಬಿಟ್ಟು ಕೆಲಸ ಹುಡುಕಲು ಹೋದವನು ಮೂರು ದಿನದಿಂದ ಬಂದಿಲ್ಲ. ಇವಳಿಗೆ ಕನ್ನಡ ಬಿಟ್ಟರೆ ಚೂರು ತೆಲುಗು. ಯಾರು ಏನು ಹೇಳಿದರೂ ತಲೆಯಾಡಿಸುತ್ತಾಳೆ, ಒಂದೂ ತಿಳಿದಿರುವುದಿಲ್ಲ. ಭೀಮಬಾಯಿಗೆ ಈಗ ಬೇರೆ ವಾರ್ಡು, ನಮ್ಮನ್ನು ನೋಡಲಷ್ಟೇ ಬಂದಿದ್ದಳು. ಇಲ್ಲಿಗೆ ಬಂದು ಹೋಗುತ್ತ ಡಾಕ್ಟರರ ಮಾತು ತಿಳಿದುಕೊಳ್ಳುವಷ್ಟು, ಕೇಳುವಷ್ಟು ನಾನೂ ಕಲಿತಿದ್ದೇನೆ.

ಅಮೃತಮ್ಮ ಅಂಗಿ ಎತ್ತಿ ಆ ತಾಯಿಗೆ ತನ್ನ ಗಾಯ ತೋರಿಸಿದಳು. ಗುರುದೇವಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಎರಡೂ ಕೈ ಹಿಡಿದಳು. "ಅಕ್ಕಾ, ನಿಮ್ಮ ಮಗಳು ಉಳದಾಳಲ್ರಿ. ನನ್ನ ಮಗಾನೂ ಉಳೀತಾನಲ್ರಿ? ಉಳೀತಾನ ಅಂತ ಒಂದ್ ಮಾತು ಅನ್ರಿ."

ಅನ್ನುವುದು ಬಹಳ ಸುಲಭವಿತ್ತು. ಅವಳ ಮುಖ ಹಾಗಿತ್ತು.

"ಅದು ನಂಗ ಗೊತ್ತಿಲ್ಲವ್ವಾ" ಅಂದೆ. "ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ನಾಳೆ ಪಟ ನೋಡಿ ಹೇಳ್ತಾರ. ಅವರು ಏನು ಹೇಳ್ತಾರೋ ಅದನ್ನ ನಾ ನಿಂಗ ನಮ್ಮ ಮಾತಿನಾಗ ಪೂರಾ ಹೇಳ್ತೀನಿ. ಒಂದೂ ಮುಚ್ಚಿಡಂಗಿಲ್ಲ. ನೀ ಏನು ಕೇಳಬೇಕಂತಿ, ಅದನ್ನೂ ಅವರಿಗೆ ಕೇಳ್ತೀನಿ. ಒಬ್ಬಾಕಿನ್ನ ಬಿಟ್ಟು ಹೋಗಂಗಿಲ್ಲ."

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಕೇಳ್ರಿ" ಎಂದು ಒಂದೊಂದೇ ಹೇಳತೊಡಗಿದಳು. ಅವಳ ಮನಸ್ಸಿನಲ್ಲಿ ಹನ್ನೊಂದು ಪ್ರಶ್ನೆ ಇದ್ದವು. ಎಲ್ಲವನ್ನೂ ಬರೆದುಕೊಂಡಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಡಾಕ್ಟರು ಬರುತ್ತಾರೆ. ನಾವಿಬ್ಬರೂ ಬಾಗಿಲ ಹತ್ತಿರವೇ ನಿಂತಿರುತ್ತೇವೆ.

ಸೂಗಮ್ಮ